ಜಿನ್ನ್ ಕಥೆಯೊಳಗೊಬ್ಬ ಪತ್ತೇದಾರ: ಬೆರಕೆ ಕಥೆ ಬರೆಯುವುದು ಹೇಗೆ, ಕಳಿಸುವುದು ಎಲ್ಲಿಗೆ?

ನಮ್ಮ ಕಾಲೇಜಿನಲ್ಲಿ ಕಥೆ ಬರೆಯುವವರು ಇದ್ದಾರೆ. ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಬರೆದು ಅಲ್ಲೇ ಬಿಡುತ್ತಾರೆ. ಎಲ್ಲಿಗಾದರೂ ಕಳಿಸಿ ಎಂದರೆ, "ಅರ್ಧ ದೆವ್ವದ ಕಥೆ, ಅರ್ಧ ಪತ್ತೇದಾರಿ, ನಡುವೆ ನಗೆ. ಇದನ್ನು ಯಾರು ಹಾಕ್ತಾರೆ?" ಎನ್ನುತ್ತಾರೆ. ಇಂಥ ಕಥೆಗಳಿಗೂ ಜಾಗ ಇದೆ ಎಂದು ತೋರಿಸಲು ಈ ಲೇಖನ ಬರೆದಿದ್ದೇನೆ. ನಾನು ಕಾಮರ್ಸ್ ವಿದ್ಯಾರ್ಥಿ. ಹಾಗಾಗಿ ಸರಕು ತಯಾರಿಸುವುದು, ಮಾರುಕಟ್ಟೆ ಹುಡುಕುವುದು ಎರಡರ ಬಗ್ಗೆಯೂ ಹೇಳುತ್ತೇನೆ.

ಬೆರಕೆ ಹೊಸದಲ್ಲ

ನಮ್ಮ ಮನೆಗಳಲ್ಲಿ ಉರ್ದು ಮಾತಾಡುತ್ತೇವೆ. ಹಳೆಯ ಉರ್ದು ದಾಸ್ತಾನ್‌ಗಳಲ್ಲಿ ನಾಲ್ಕು ಅಂಗಗಳು ಇರಬೇಕು ಎನ್ನುತ್ತಿದ್ದರು. ರಜ್ಮ್ ಎಂದರೆ ಯುದ್ಧ, ಬಜ್ಮ್ ಎಂದರೆ ದರ್ಬಾರು ಮತ್ತು ಮೆಹಫಿಲ್, ತಿಲಿಸ್ಮ್ ಎಂದರೆ ಮಾಯಾಲೋಕ, ಅಯ್ಯಾರಿ ಎಂದರೆ ವೇಷ ಹಾಕಿ ಮಾಡುವ ಜಾಣ ಕಪಟ. ಅಮೀರ್ ಹಮ್ಜಾನ ದಾಸ್ತಾನ್‌ನಲ್ಲಿ ಈ ನಾಲ್ಕೂ ಒಟ್ಟಿಗೇ ಬರುತ್ತವೆ. ಇಬ್ನೆ ಸಫಿ 1952ರಲ್ಲಿ ಶುರುಮಾಡಿದ 'ಜಾಸೂಸಿ ದುನಿಯಾ' ಸರಣಿಯಲ್ಲಿ ಪತ್ತೇದಾರಿಯ ಜೊತೆ ಹಾಸ್ಯವೂ ಇತ್ತು, ವಿಜ್ಞಾನದ ಕಲ್ಪನೆಯೂ ಇತ್ತು.

ಕನ್ನಡದಲ್ಲಿ ನೋಡಬೇಕೆಂದರೆ ಪೂರ್ಣಚಂದ್ರ ತೇಜಸ್ವಿಯವರ 'ಅಬಚೂರಿನ ಪೋಸ್ಟಾಫೀಸು' ತೆಗೆಯಿರಿ. 1973ರ ಈ ಕಥಾಸಂಕಲನದಲ್ಲಿ 'ಕುಬಿ ಮತ್ತು ಇಯಾಲ' ಎಂಬ ಕಥೆ ಇದೆ. ಇಯಾಲ ಎಂಬ ಹುಡುಗಿಯ ಸಾವಿನ ಹಿಂದಿನ ಸತ್ಯವನ್ನು ಡಾಕ್ಟರ್ ಕುಬಿ ಹುಡುಕುತ್ತಾನೆ. ಓದಿಸಿಕೊಂಡು ಹೋಗುವುದು ಪತ್ತೇದಾರಿಯ ಕುತೂಹಲ. ಓದಿ ಮುಗಿಸಿದ ಮೇಲೆ ಉಳಿಯುವುದು ಊರಿನ ಚಿತ್ರ. ಅದೇ ಪುಸ್ತಕದ 'ಡೇರ್ ಡೆವಿಲ್ ಮುಸ್ತಾಫಾ' ನಮ್ಮಂಥ ಒಂದು ಕಾಲೇಜಿಗೆ ಬಂದ ಮುಸ್ಲಿಂ ಹುಡುಗನ ಕಥೆ. ಅಲ್ಲಿ ಕಾಲೇಜಿನ ತಮಾಷೆಯೂ ಊರಿನ ಸಮಾಜವೂ ಒಂದಾಗಿವೆ.

ಬಾನು ಮುಷ್ತಾಕ್ ಅವರ 'ಒಮ್ಮೆ ಹೆಣ್ಣಾಗು ಪ್ರಭುವೇ' ಇನ್ನೊಂದು ರೀತಿಯ ಬೆರಕೆ. ಹೆಣ್ಣೊಬ್ಬಳ ಬದುಕಿನ ಕಥೆ ಅಲ್ಲಿ ದೇವರ ಮುಂದೆ ಇಟ್ಟ ಪ್ರಾರ್ಥನೆಯ, ದೂರಿನ ರೂಪದಲ್ಲಿದೆ. ಪ್ರಾರ್ಥನೆ ಒಂದು ಪ್ರಕಾರ, ಸಣ್ಣಕಥೆ ಇನ್ನೊಂದು. ಒಂದರ ಅಂಗಿಯನ್ನು ಇನ್ನೊಂದು ತೊಟ್ಟಿದೆ.

ಒಂದು ಉದಾಹರಣೆ

ನಮ್ಮ ಹದಡಿ ಕಡೆಯದೇ ಒಂದು ಕಥೆ ಕಟ್ಟಿ ನೋಡೋಣ. ಭದ್ರಾ ನಾಲೆಯ ಕೊನೆಯಂಚಿನ ಗದ್ದೆಗಳಿಗೆ ನೀರು ತಲುಪುವುದೇ ಕಷ್ಟ ಎಂಬುದು ಇಲ್ಲಿಯವರಿಗೆಲ್ಲ ಗೊತ್ತು. ನಾಲೆಯಲ್ಲಿ ಸಂಜೆ ಕಂಡ ನೀರು ಬೆಳಗಾಗುವುದರೊಳಗೆ ಇಲ್ಲ ಎಂದಿಟ್ಟುಕೊಳ್ಳಿ. ತೂಬಿನ ಹತ್ತಿರ ಜಿನ್ನ್ ಇದೆ ಎಂದು ನಾನಿ ಹೇಳುತ್ತಾರೆ. ಮೊಮ್ಮಗ ಪಿಯುಸಿ ಹುಡುಗ, ನಂಬುವುದಿಲ್ಲ. ಅಕೌಂಟೆನ್ಸಿ ಪುಸ್ತಕದ ಹಿಂದೆ ಖಾತೆ ಎಳೆದು, ಯಾವ ರಾತ್ರಿ ಎಷ್ಟು ನೀರು ಬಂತು, ಎಷ್ಟು ಹೋಯಿತು ಎಂದು ಬರೆಯುತ್ತಾ ಹೋಗುತ್ತಾನೆ.

ಇಲ್ಲಿ ಜಿನ್ನ್ ಕಥೆ, ಪತ್ತೇದಾರಿ, ರೈತನ ಕಥೆ ಮೂರೂ ಸೇರಿವೆ. ಖಾತೆ ಪುಸ್ತಕದ ರೂಪವೂ ಇದೆ. ಇದು ಕಲಸುಮೇಲೋಗರ ಆಗದಂತೆ ನೋಡಿಕೊಳ್ಳಲು ನಾನು ಮೂರು ಪರೀಕ್ಷೆ ಇಟ್ಟುಕೊಂಡಿದ್ದೇನೆ.

ಮೊದಲನೆಯದು, ಕೊನೆಯ ಪ್ಯಾರಾ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂದು ನೋಡುವುದು. ತೂಬು ತೆಗೆದವರು ಯಾರೆಂದು ತಿಳಿದು ಕಥೆ ಮುಗಿದರೆ ಅದು ಪತ್ತೇದಾರಿ. ಯಾರೂ ಸಿಗದೆ ನಾನಿಯ ಮಾತೇ ನಿಜವಿರಬಹುದು ಎಂಬ ಭಯ ಉಳಿದರೆ ಜಿನ್ನ್ ಕಥೆ. ಕಳ್ಳ ಸಿಕ್ಕರೂ ಅಷ್ಟರಲ್ಲಿ ಪೈರು ಒಣಗಿತ್ತು ಎಂದರೆ ರೈತನ ಕಥೆ. ಯಾವುದನ್ನಾದರೂ ಆರಿಸಿ, ಆದರೆ ಯಜಮಾನಿಕೆ ಒಂದಕ್ಕೇ ಇರಲಿ. ಉಳಿದವು ಅದಕ್ಕೆ ಕೈಜೋಡಿಸಲಿ.

ಎರಡನೆಯದು, ಎಲ್ಲ ಪ್ರಕಾರಗಳೂ ಬೇಗ ಕಾಣಿಸಿಕೊಳ್ಳಬೇಕು. ಎಂಟು ಪುಟ ರೈತನ ಕಥೆ ಹೇಳಿ ಒಂಬತ್ತನೆಯ ಪುಟದಲ್ಲಿ ದಿಢೀರನೆ ಜಿನ್ನ್ ತಂದರೆ ಓದುಗರು ಮೋಸ ಎನ್ನುತ್ತಾರೆ. ಮೊದಲ ಪುಟದಲ್ಲೇ ನಾನಿಯ ಒಂದು ಮಾತು ಬಂದಿದ್ದರೆ ಸಾಕು, ಒಪ್ಪುತ್ತಾರೆ. ಹರಿಹರದ ಹರಿಹರೇಶ್ವರನ ವಿಗ್ರಹ ನೆನಪಿಸಿಕೊಳ್ಳಿ. ಒಂದೇ ದೇಹದಲ್ಲಿ ಹರಿ ಅರ್ಧ, ಹರ ಅರ್ಧ. ಹೊಯ್ಸಳರ ಕಾಲದ ಆ ಗುಡಿಗೆ ಹೋದವರಿಗೆ ಇದರಲ್ಲಿ ಗೊಂದಲವೇನೂ ಇಲ್ಲ. ಎರಡೂ ಮೊದಲ ನೋಟಕ್ಕೇ ಕಾಣುತ್ತವೆ.

ಮೂರನೆಯದು ಲೆಕ್ಕ. ಪ್ರತಿ ಪ್ರಕಾರವೂ ಓದುಗರಿಂದ ಮುಂಗಡ ಪಡೆದಿರುತ್ತದೆ. ಪತ್ತೇದಾರಿ ಸುಳಿವು ಕೊಟ್ಟರೆ ಅದು ಮುಂದೆ ಕೆಲಸಕ್ಕೆ ಬರಬೇಕು. ಜಿನ್ನ್ ಬಂದರೆ ಒಮ್ಮೆಯಾದರೂ ಮೈ ಜುಮ್ ಎನ್ನಬೇಕು. ಡೆಬಿಟ್ ಇದ್ದಲ್ಲಿ ಕ್ರೆಡಿಟ್ ಇರಲೇಬೇಕು. ತೀರಿಸಲಾಗದ ಎಳೆಯನ್ನು ಕಥೆಯಿಂದ ತೆಗೆದುಬಿಡಿ.

ನಮಗೆ ಇದು ಯಾಕೆ ಮುಖ್ಯ?

ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ, ಬಾನು ಮುಷ್ತಾಕ್ ಅವರು ಬರೆದ ಮೇಲೆ ನಮ್ಮ ಮನೆಗಳು ಕನ್ನಡ ಕಥೆಯೊಳಗೆ ಬಂದವು. ವಿಮರ್ಶಕರು ಇದನ್ನು ಮುಸ್ಲಿಂ ಸಂವೇದನೆ ಎಂದು ಕರೆದರು. ಆ ಬಾಗಿಲು ತೆರೆಯದಿದ್ದರೆ ನಾನು ಕನ್ನಡದಲ್ಲಿ ಬರೆಯುವ ಧೈರ್ಯ ಮಾಡುತ್ತಿರಲಿಲ್ಲ. ಆದರೆ ಈಗ ನಮ್ಮಲ್ಲಿ ಯಾರಾದರೂ ಕಥೆ ಬರೆದೆ ಎಂದರೆ ಸಾಕು, ತಲಾಕ್ ಬಗ್ಗೆಯಾ, ಬುರ್ಖಾ ಬಗ್ಗೆಯಾ ಎಂದು ಕೇಳುತ್ತಾರೆ. ಅವು ದೊಡ್ಡ ವಿಷಯಗಳೇ, ಬರೆಯುವವರು ಬರೆಯಲಿ. ಆದರೆ ಹದಡಿ ರಸ್ತೆಯ ಹುಡುಗಿಯೊಬ್ಬಳು ರೋಬೋಟ್ ಬಗ್ಗೆ ಬರೆಯಬಾರದೇ? ಅವಳ ವಿಜ್ಞಾನ ಕಥೆಯಲ್ಲಿ ಅಮ್ಮಿ ಇರಲಿ, ಇಫ್ತಾರ್ ಇರಲಿ, ಕಥೆ ಮಾತ್ರ ರೋಬೋಟಿನದೇ ಆಗಿರಲಿ. ಪ್ರಕಾರ ಬೆರೆಸಿದಾಗ ಈ ಸ್ವಾತಂತ್ರ್ಯ ಸಿಗುತ್ತದೆ. ನಮ್ಮ ಮನೆ ಕಥೆಯ ಸಮಸ್ಯೆ ಆಗಿರಲೇಬೇಕಿಲ್ಲ, ಕಥೆ ನಡೆಯುವ ಜಾಗವೂ ಆಗಬಹುದು.

ಎಲ್ಲಿಗೆ ಕಳಿಸುವುದು?

ಮೊದಲ ಪರೀಕ್ಷೆ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಯಜಮಾನ ಪ್ರಕಾರ ಯಾವುದೋ ಆ ಬಾಗಿಲನ್ನೇ ತಟ್ಟಿ. 'ಸುಧಾ', 'ತರಂಗ' ವಾರಪತ್ರಿಕೆಗಳು ಮನೆಮಂದಿಯೆಲ್ಲ ಓದುವಂಥವು. ಕುತೂಹಲ, ಹಾಸ್ಯ ಮುಂದಿರುವ ಕಥೆಗೆ ಅವು ಒಳ್ಳೆಯ ಜಾಗ. 'ಮಯೂರ', 'ತುಷಾರ' ಮಾಸಿಕಗಳಲ್ಲಿ ಸ್ವಲ್ಪ ದೀರ್ಘವಾದ, ಗಂಭೀರ ಕಥೆಗೂ ಅವಕಾಶ ಇದೆ. ದಿನಪತ್ರಿಕೆಗಳ ಭಾನುವಾರದ ಪುರವಣಿಗೆ ಚಿಕ್ಕ ಕಥೆಯೇ ಬೇಕು. ಸ್ಪರ್ಧೆಗಳಲ್ಲಿ 'ಪ್ರಜಾವಾಣಿ' ದೀಪಾವಳಿ ಕಥಾಸ್ಪರ್ಧೆ ಹಳೆಯದು. 'ಬುಕ್ ಬ್ರಹ್ಮ' ಸ್ವಾತಂತ್ರ್ಯೋತ್ಸವಕ್ಕೆ ಕಥಾಸ್ಪರ್ಧೆ ನಡೆಸುತ್ತದೆ. ಮುಂದೆ ಪುಸ್ತಕವಾಗುವಷ್ಟು ಕಥೆಗಳಾದರೆ, ಕಥೆಗಾರ ವಸುಧೇಂದ್ರ ಅವರ ಛಂದ ಪುಸ್ತಕ ಹೊಸಬರ ಹಸ್ತಪ್ರತಿಗಳಿಗೆ ಸ್ಪರ್ಧೆ ನಡೆಸಿಕೊಂಡು ಬಂದಿದೆ.

ಕಳಿಸುವ ಮೊದಲು ಆ ಪತ್ರಿಕೆಯ ನಾಲ್ಕೈದು ಸಂಚಿಕೆ ಓದಿ. ಪದಮಿತಿ ಮೀರಬೇಡಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಸ್ವಂತ ರಚನೆ, ಅನುವಾದವಲ್ಲ, ಎಲ್ಲಿಯೂ ಪ್ರಕಟವಾಗಿಲ್ಲ ಎಂದು ಒಂದು ಸಾಲು ಬರೆಯಿರಿ. ಒಂದೇ ಕಥೆಯನ್ನು ಒಂದೇ ಸಲಕ್ಕೆ ಇಬ್ಬರಿಗೆ ಕಳಿಸಬೇಡಿ. ಫೇಸ್‌ಬುಕ್ಕಿನಲ್ಲಿ ಹಾಕಿದ್ದನ್ನೂ ಪ್ರಕಟವಾಗಿದೆ ಎಂದೇ ಎಣಿಸುವ ಸ್ಪರ್ಧೆಗಳಿವೆ. ದಖನಿ ಮಾತುಗಳನ್ನು ಅಳಿಸಬೇಡಿ, ಪಕ್ಕದ ವಾಕ್ಯದಿಂದಲೇ ಅರ್ಥ ಆಗುವಂತೆ ಬರೆಯಿರಿ.

ಹಕ್ಕು ಯಾರದು?

ಒಂದು ಕಥೆಯಿಂದ ಒಂದೇ ಆದಾಯ ಎಂದುಕೊಳ್ಳಬೇಡಿ. 'ಡೇರ್ ಡೆವಿಲ್ ಮುಸ್ತಾಫಾ' ಸಿನಿಮಾ ಬಂದದ್ದು 2023ರಲ್ಲಿ, ಪುಸ್ತಕ ಬಂದು 50 ವರ್ಷದ ಮೇಲೆ. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯಿಂದ 'ಹಸೀನಾ' ಚಲನಚಿತ್ರ ಆಯಿತು. ಅವರ 12 ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದಿತು. ಸಣ್ಣಕಥೆಗಳ ಸಂಕಲನಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. 50,000 ಪೌಂಡ್ ಬಹುಮಾನ ಲೇಖಕಿಗೂ ಅನುವಾದಕಿಗೂ ಸಮಪಾಲು.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರೇ ಕಥೆಯ ಮೊದಲ ಒಡೆಯರು. ನೋಂದಣಿ ಕಡ್ಡಾಯವಲ್ಲ. ಲೇಖಕರ ಜೀವಿತಾವಧಿ, ಆಮೇಲೆ 60 ವರ್ಷ ಹಕ್ಕು ಇರುತ್ತದೆ. ಹಕ್ಕು ವರ್ಗಾಯಿಸುವುದಾದರೆ ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿ ಬರೆದಿಲ್ಲದಿದ್ದರೆ 5 ವರ್ಷ ಎಂದೇ ಅರ್ಥ. ಯಾರಾದರೂ 'ಎಲ್ಲ ಹಕ್ಕೂ ನಮ್ಮದು' ಎಂಬ ಕಾಗದ ಕೊಟ್ಟರೆ ಓದದೆ ಸಹಿ ಹಾಕಬೇಡಿ. ನಮ್ಮಲ್ಲಿ ಹೆಚ್ಚಿನವರಿಗೆ 18 ತುಂಬಿಲ್ಲ, ಅಪ್ರಾಪ್ತರ ಕರಾರು ಕಾನೂನಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಅಬ್ಬಾ ಅಥವಾ ಅಮ್ಮಿಗೆ ಓದಿಸಿ, ಅವರನ್ನು ಮುಂದಿಟ್ಟುಕೊಂಡೇ ಒಪ್ಪಂದ ಮಾಡಿ.

ಇನ್ನೊಂದು ಮಾತು. ಈ ಸುದ್ದಿಪತ್ರದಲ್ಲಿ ಬಂದ ಕಥೆಯೂ ಪ್ರಕಟವಾದ ಕಥೆಯೇ. ಹಾಗಾಗಿ ನಿಮ್ಮ ಅತ್ಯುತ್ತಮ ಕಥೆಯನ್ನು ಮೊದಲು ಹೊರಗಿನ ಪತ್ರಿಕೆಗೆ ಕಳಿಸಿ. ತಿರುಗಿ ಬಂದರೆ ಮೂರು ಪರೀಕ್ಷೆಗಳನ್ನು ಮತ್ತೊಮ್ಮೆ ಮಾಡಿ, ತಿದ್ದಿ, ಇನ್ನೊಂದು ಬಾಗಿಲು ತಟ್ಟಿ.