ಬಿಲ್ಲೇರಿದಾಗ ಮಿದುಳಲ್ಲಿ ಏನಾಗುತ್ತೆ?

ನಮ್ಮ ಹಡಗಲಿ ತಾಲ್ಲೂಕಿನ ಮೈಲಾರ ಜಾತ್ರೆ ನೋಡಿದ್ದೀರಾ? ಉಪವಾಸವಿದ್ದ ಗೊರವಯ್ಯ ಡೆಂಕನಮರಡಿಯಲ್ಲಿ ಬಿಲ್ಲೇರಿ ‘ಸದ್ದಲೇ’ ಅಂದರೆ ಸಾಕು, ಲಕ್ಷಾಂತರ ಜನ ಗಪ್‌ಚುಪ್. ಒಂದೇ ಸಾಲಿನ ಕಾರ್ಣಿಕ ನುಡಿದು ಮೇಲಿಂದ ಬೀಳ್ತಾರೆ, ಕೆಳಗಿದ್ದವರು ಹಿಡೀತಾರೆ.

ಆಗ ಅವರ ಮಿದುಳಲ್ಲಿ ಏನು ನಡೆಯುತ್ತೆ? ಬಿಲ್ಲಿನ ಮೇಲೆ ಸ್ಕ್ಯಾನ್ ಮಾಡೋಕಾಗಲ್ಲ ಬಿಡಿ. ಆದರೆ 2006ರಲ್ಲಿ ಅಮೆರಿಕದ ಆಂಡ್ರ್ಯೂ ನ್ಯೂಬರ್ಗ್ ತಂಡ, ಪ್ರಾರ್ಥನೆಯ ಆವೇಶದಲ್ಲಿ ಯಾರಿಗೂ ಅರ್ಥವಾಗದ ನುಡಿ ಆಡುವ ಐವರು ಕ್ರೈಸ್ತ ಮಹಿಳೆಯರ ಮಿದುಳಿನ ರಕ್ತಸಂಚಾರ ನೋಡಿತು. ಭಕ್ತಿಗೀತೆ ಹಾಡುವಾಗ ಇದ್ದುದಕ್ಕಿಂತ, ಹತೋಟಿ ಇಟ್ಟುಕೊಳ್ಳುವ ಮುಂಭಾಗದಲ್ಲಿ ಅದು ಕಡಿಮೆಯಾಗಿತ್ತು. ‘ಆಡಿದ್ದು ನಾನಲ್ಲ’ ಎಂಬ ಅವರ ಅನುಭವಕ್ಕೆ ಇದು ಹೊಂದುತ್ತದೆ. ಆಡಿಸಿದ್ದು ಯಾರು ಅಂತ ಸ್ಕ್ಯಾನ್ ಹೇಳಲ್ಲ.

ನನಗೆ ಹೆಚ್ಚು ಕುತೂಹಲ ಕೇಳುವವರ ಮಿದುಳಿನ ಮೇಲೆ. ಅದೇ ಕಾರ್ಣಿಕದಲ್ಲಿ ರಾಜಕಾರಣಿಗೆ ಕುರ್ಚಿ ಕೇಳಿಸುತ್ತೆ, ನಮ್ಮಪ್ಪನಿಗೆ ಮಳೆ. ಅದನ್ನು ನಂಬಿಯೇ ಅಪ್ಪ ಬೀಜ, ಗೊಬ್ಬರಕ್ಕೆ ಸಾಲ ಎತ್ತೋದು.