ಡೆಕ್ಕಿನ ಕಂಬಕ್ಕೆ ಮೂರೂವರೆ ಅಡಿ ಗುಂಡಿ ಯಾಕೆ?

ಹಿತ್ತಲಲ್ಲಿ ಹತ್ತು ಜನ ಕೂರೋಕೆ ಒಂದು ಮರದ ಡೆಕ್. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಇದರ ಕಂಬಗಳ ಅಡಿಪಾಯ ಕನಿಷ್ಠ 42 ಇಂಚು ಆಳ ಇರಬೇಕು. ಮಿನ್ನೆಸೋಟದ ಉತ್ತರ ಭಾಗದಲ್ಲಾದರೆ 60 ಇಂಚು. ಇಷ್ಟು ಆಳ ಭಾರ ಹೊರೋಕೆ ಅಂತ ಹಲವರು ತಿಳಿಯುತ್ತಾರೆ. ಅಲ್ಲ, ಕಂಬ ಮೇಲೇಳದಿರಲಿ ಅಂತ.

ನೀರು ಹೆಪ್ಪುಗಟ್ಟಿದರೆ ಸುಮಾರು 9% ಹಿಗ್ಗುತ್ತದೆ, ನಿಜ. ಆದರೆ ದೊಡ್ಡ ತೊಂದರೆ ಬೇರೆ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ, ಹೆಪ್ಪುಗಟ್ಟುವ ಮಣ್ಣು ಕೆಳಗಿನ ನೀರನ್ನು ಎಳೆದುಕೊಳ್ಳುತ್ತದೆ. ಮಂಜುಗಡ್ಡೆಯ ಪದರಗಳು ದಪ್ಪವಾಗುತ್ತಾ ಮೇಲಿದ್ದದ್ದನ್ನೆಲ್ಲ ಎತ್ತುತ್ತವೆ. ನುಣುಪು ಹೂಳುಮಣ್ಣಿನಲ್ಲಿ ಇದು ಜಾಸ್ತಿ, ಮರಳಿನಲ್ಲಿ ಕಡಿಮೆ.

ಡೆಕ್ಕಿನ ಒಂದು ಬದಿಯನ್ನು ಮನೆಗೆ ಬೋಲ್ಟ್ ಮಾಡಿರುತ್ತಾರೆ. ಮನೆಯ ಪಾಯ ಆಳದಲ್ಲಿದೆ, ಅದು ಕದಲುವುದಿಲ್ಲ. ಹೊರಗಿನ ಕಂಬಗಳು ಮಾತ್ರ ಪ್ರತಿ ಚಳಿಗಾಲ ಏರಿ ಇಳಿದರೆ ಗೋಡೆಯ ಜೋಡಣೆ ಸಡಿಲವಾಗುತ್ತದೆ. ಅದು ಕಿತ್ತರೆ ಮೇಲಿದ್ದ ಜನರ ಸಮೇತ ಡೆಕ್ ಕುಸಿಯುತ್ತದೆ.

ಭಾರದ ಲೆಕ್ಕ ಅಡಿಪಾಯದ ಅಗಲ ಹೇಳುತ್ತದೆ. 12 ಅಡಿ ಉದ್ದ, 12 ಅಡಿ ಅಗಲದ ಡೆಕ್ ಅಂದುಕೊಳ್ಳಿ. ಹೊರ ಅಂಚಿಗೆ ಮೂರು ಕಂಬ. ಅರ್ಧ ಭಾರ ಮನೆಗೆ ಹೋಗುತ್ತದೆ. ನಡುವಿನ ಕಂಬದ ಪಾಲು 36 ಚದರ ಅಡಿ. ಜನ, ಸಾಮಾನಿಗೆ 40 ಪೌಂಡ್, ಮರದ ತೂಕಕ್ಕೆ 10. ಹೀಗೆ ಚದರ ಅಡಿಗೆ 50ರಂತೆ 1,800 ಪೌಂಡ್. ಜೇಡಿಮಣ್ಣು ಚದರ ಅಡಿಗೆ 1,500 ಪೌಂಡ್ ಹೊರುತ್ತದೆ ಅಂತ ಹಿಡಿದರೆ ಬೇಕಿರುವುದು 1.2 ಚದರ ಅಡಿ, ಅಂದರೆ ಸುಮಾರು 15 ಇಂಚು ವ್ಯಾಸ. 16 ಇಂಚು ಹಾಕಿದರೆ ಸಾಕು.

ಆಳದ ಲೆಕ್ಕವನ್ನು ಹವಾಮಾನ ಹೇಳುತ್ತದೆ. ಆಳ ತಪ್ಪಿಸಿ ಅಗಲ ಹೆಚ್ಚಿಸಿದರೆ ಪ್ರಯೋಜನವಿಲ್ಲ. ಮಂಜು ಒತ್ತೋಕೆ ಇನ್ನಷ್ಟು ಜಾಗ ಕೊಟ್ಟಂತೆ, ಅಷ್ಟೇ. ಗುಂಡಿಯ ಬಾಯಲ್ಲಿ ಕಾಂಕ್ರೀಟ್ ಅಣಬೆಯಂತೆ ಹರಡಿದರೂ ಇದೇ ಕಥೆ. ಅದಕ್ಕೇ ರಟ್ಟಿನ ಕೊಳವೆ ಇಳಿಸಿ ಒಳಗೆ ಸುರಿಯುತ್ತಾರೆ: ಪಕ್ಕ ನುಣುಪು, ಬುಡ ಅಗಲ.

ನಮ್ಮ ಗದಗ, ವಿಜಯಪುರದ ಕಡೆಯ ಎರೆಮಣ್ಣು ಬಲ್ಲವರಿಗೆ ಇದು ಹೊಸದೇನಲ್ಲ. ಅಲ್ಲಿ ಮಂಜಿನ ಬದಲು ಮಳೆನೀರು ಕುಡಿದು ನೆಲ ಉಬ್ಬುತ್ತದೆ. ಪರಿಹಾರ ಅದೇ: ಕದಲುವ ಮಣ್ಣು ದಾಟಿ ಕೆಳಗಿಳಿಯುವುದು, ಬುಡವನ್ನು ಗಡ್ಡೆಯಂತೆ ಉಬ್ಬಿಸುವುದು.

ಅಗೆಯುವ ಕೆಲವು ದಿನ ಮೊದಲು 811ಕ್ಕೆ ಫೋನ್ ಮಾಡಿ, ಗ್ಯಾಸ್ ಪೈಪು, ಕರೆಂಟ್ ಕೇಬಲ್ ಎಲ್ಲಿದೆ ಅಂತ ಗುರುತು ಹಾಕಿಸಿ. ಆಮೇಲೆ ಗುಂಡಿಯನ್ನು ಇನ್‌ಸ್ಪೆಕ್ಟರ್ ನೋಡುವ ತನಕ ಕಾಂಕ್ರೀಟ್ ಸುರಿಯಬೇಡಿ. ಕಾಂಟ್ರಾಕ್ಟರ್ ಎಷ್ಟೇ ಅವಸರ ಮಾಡಲಿ, ಟೇಪ್ ಇಳಿಸಿ ಆಳವನ್ನು ನೀವೇ ಅಳೆದು ನೋಡಿ. ಸುರಿದ ಮೇಲೆ ಅದು ಯಾರ ಕಣ್ಣಿಗೂ ಕಾಣುವುದಿಲ್ಲ.