ಸ್ಪರ್ಶವಿಲ್ಲದ ಕಾಲಿನ ಉರಿ ಸುಳ್ಳಲ್ಲ

ಚಿವುಟಿದರೆ ಗೊತ್ತಾಗದ ಕಾಲು ರಾತ್ರಿಯಿಡೀ ಉರಿಯುತ್ತದೆ ಎಂದರೆ ಮನೆಯವರಿಗೆ ನಂಬುವುದು ಕಷ್ಟ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ಇಂಥ ನರದ ನೋವು ಕಾಡುತ್ತದೆ. ‘ಕಾಲಾಗ ಬೆಂಕಿ ಹಚ್ಚಿದಂಗ ಆಗತೈತ್ರಿ’ ಎಂದು ಅವರು ಹೇಳುವುದು ನಿಜವಾದ ಬ್ಯಾನಿಯನ್ನೇ.

ನಮ್ಮ ದೇಶದಲ್ಲಿ ಬೆನ್ನುಹುರಿಗೆ ಪೆಟ್ಟಾಗಲು ಎತ್ತರದಿಂದ ಬೀಳುವುದು ಮತ್ತು ರಸ್ತೆ ಅಪಘಾತಗಳೇ ಮುಖ್ಯ ಕಾರಣ. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ ನೋಡಿ, ಕಲಾದಗಿಯ ಚಿಕ್ಕು ತೋಟ, ಇಳಕಲ್ಲಿನ ಗ್ರಾನೈಟ್ ಕ್ವಾರಿ, ಬಾದಾಮಿ, ಹುನಗುಂದದ ಊರುಗಳ ಮಾಳಿಗೆ ಮನೆ, ಎಲ್ಲೆಡೆಯೂ ಬೀಳುವ ಅಪಾಯ ದುಡಿಮೆಯ ಜೊತೆಗೇ ಇದೆ. ನಡೆಯಲಾಗದ ಕಷ್ಟ ಎಲ್ಲರಿಗೂ ಕಾಣುತ್ತದೆ, ನೋವು ಕಾಣುವುದಿಲ್ಲ.

ಈ ನೋವು ಹುಟ್ಟುವುದು ಕಾಲಿನಲ್ಲಲ್ಲ. ಬೆನ್ನುಹುರಿ ಸಂದೇಶ ಸಾಗಿಸುವ ಬರೀ ತಂತಿಯಲ್ಲ, ನೋವನ್ನು ಹಿಗ್ಗಿಸುವ, ತಗ್ಗಿಸುವ ಶಕ್ತಿ ಅದಕ್ಕಿದೆ ಎಂದು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲೇ ವಿವರಿಸಿದ್ದರು. ಪೆಟ್ಟು ಬಿದ್ದಾಗ ಈ ಹತೋಟಿಯೇ ಕೆಡುತ್ತದೆ. ಮೈಕ್ರೋಗ್ಲಿಯಾ ಎಂಬ ರಕ್ಷಕ ಕೋಶಗಳು ಕೆರಳಿ ರಾಸಾಯನಿಕಗಳನ್ನು ಸುರಿಸುತ್ತವೆ. ನರಕೋಶಗಳಿಗೆ ಒಳಗಿನ ಕ್ಲೋರೈಡನ್ನು ಹೊರಹಾಕುವ ಶಕ್ತಿ ಕುಗ್ಗುತ್ತದೆ ಎಂಬುದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಆಗ ನರಗಳನ್ನು ಶಾಂತಗೊಳಿಸಬೇಕಾದ ‘ಗಾಬಾ’ ಎಂಬ ರಾಸಾಯನಿಕ ಸವೆದ ಬ್ರೇಕಿನಂತೆ ಹಿಡಿತ ಕಳೆದುಕೊಳ್ಳುತ್ತದೆ. ಯಾರೂ ಮುಟ್ಟದಿದ್ದರೂ ನರಕೋಶಗಳು ತಾವಾಗಿಯೇ ಸಂದೇಶ ಹೊರಡಿಸುತ್ತವೆ. ಮಿದುಳು ಅದನ್ನು ಕಾಲಿನ ನೋವೆಂದೇ ಓದಿಕೊಳ್ಳುತ್ತದೆ. ಪೆಟ್ಟಾದ ಎಷ್ಟೋ ತಿಂಗಳ, ಕೆಲವೊಮ್ಮೆ ವರ್ಷಗಳ ನಂತರವೂ ಈ ನೋವು ಶುರುವಾಗಬಹುದು. ‘ಇಷ್ಟು ದಿನ ಇರದಿದ್ದದ್ದು ಈಗೆಲ್ಲಿಂದ ಬಂತು?’ ಎಂದು ಅನುಮಾನಿಸುವುದು ಅನ್ಯಾಯ.

ಮೈಕೈ ನೋವಿನ ಸಾಮಾನ್ಯ ಮಾತ್ರೆಗಳು ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ವೈದ್ಯರು ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್ ಅಥವಾ ಅಮಿಟ್ರಿಪ್ಟಿಲಿನ್ ಕೊಡುತ್ತಾರೆ. ಮೊದಲೆರಡು, ನರತುದಿಗಳಿಗೆ ನುಗ್ಗುವ ಕ್ಯಾಲ್ಸಿಯಂ ತಗ್ಗಿಸಿ ಕೆರಳಿದ ಸಂದೇಶಗಳನ್ನು ಇಳಿಸುತ್ತವೆ. ನೋವು ಪೂರ್ತಿ ಹೋಗದಿದ್ದರೂ ರಾತ್ರಿ ನಿದ್ದೆ ಹತ್ತುವಷ್ಟು ತಗ್ಗಿದರೆ ಅದು ದೊಡ್ಡ ಗೆಲುವೇ. ಈ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಬಾರದು.

ಮನೆಯವರಿಗೆ ಎರಡು ಎಚ್ಚರಿಕೆ. ಸ್ಪರ್ಶವಿಲ್ಲದ ಕಾಲಿಗೆ ಬಿಸಿನೀರಿನ ಚೀಲ, ಕೆಂಡದ ಶಾಖ ಕೊಡಬೇಡಿ. ಚರ್ಮ ಸುಟ್ಟರೂ ರೋಗಿಗೆ ತಿಳಿಯುವುದಿಲ್ಲ. ಉರಿ ಒಮ್ಮೆಲೇ ಹೆಚ್ಚಿದರೆ ಬೆನ್ನು, ಪೃಷ್ಠ, ಹಿಮ್ಮಡಿಗಳಲ್ಲಿ ಹಾಸಿಗೆ ಹುಣ್ಣು ಎದ್ದಿದೆಯೇ ನೋಡಿ. ಮೂತ್ರದ ಸೋಂಕು, ಮಲಬದ್ಧತೆಯೂ ಕಾರಣವಾಗಿರಬಹುದು.

ಚಿಕಿತ್ಸೆಗೆಂದು ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನ ವಿಭಾಗವಿದೆ, 1959ರಲ್ಲಿ ಎನ್.ಎಸ್. ಹೇಮಾ ಅವರು ಕಟ್ಟಿದ, ಅಂಗವಿಕಲರಿಗಾಗಿನ ಎಪಿಡಿ ಸಂಸ್ಥೆಯೂ ಬೆನ್ನುಹುರಿ ಪೆಟ್ಟಿನವರಿಗಾಗಿ ದುಡಿಯುತ್ತಿದೆ. ಆದರೆ ಒಂದೇ ಭಂಗಿಯಲ್ಲಿ ಹೆಚ್ಚು ಹೊತ್ತು ಕೂರಬಾರದವರಿಗೆ ಬೆಂಗಳೂರಿನ ರಾತ್ರಿ ಬಸ್ಸೇ ಒಂದು ಶಿಕ್ಷೆ. ಈ ನೋವನ್ನು ಗುರುತಿಸಿ ಮದ್ದು ಬರೆಯುವ ವೈದ್ಯರು, ಹುಣ್ಣು ನೋಡಿಕೊಳ್ಳಲು ಕಲಿಸುವ ನರ್ಸ್‌ಗಳು ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಬೇಕು. ಅಲ್ಲಿಯವರೆಗೆ, ‘ಉರಿತೈತಿ’ ಎಂದವರನ್ನು ನಂಬಿ ವೈದ್ಯರ ಬಳಿ ಕರೆದೊಯ್ಯುವುದೇ ಮನೆಯವರು ಮಾಡಬಹುದಾದ ಮೊದಲ ಚಿಕಿತ್ಸೆ.